ಸಮತಾವಿಧಿಯೂ ಅದರ ಇತಿಕರ್ತವ್ಯತೆಯೂ

ಸರಕಾರವೂ ಸರಕಾರದ ದ್ರವ್ಯದಿಂದ ನಡೆಯುವ ವಿಶ್ವವಿದ್ಯಾನಿಲಯ, ಪುರಸಭೆ, ಆಸ್ಪತ್ರೆ ಮೊದಲಾದ ಸಂಸ್ಥೆಗಳೂ ಪ್ರಜೆಗಳೆಲ್ಲರನ್ನು ಸಮಾನವಾಗಿ ಕಾಣತಕ್ಕದ್ದೆಂಬ ವಿಷಯದಲ್ಲಿ ಈಗ ಭಿನ್ನಾಭಿಪ್ರಾಯವಿಲ್ಲ. ೧೯೫೦ನೆಯ ಇಸವಿ ಜನವರಿ ೨೬ರಿಂದ ನಮ್ಮ ಸಂವಿಧಾನದ ೧೪, ೧೫ ಮತ್ತು ೧೬ನೆಯ ಅನುಚ್ಛೇದಗಳು ಇದನ್ನೇ ಶಾಸನಮಾಡಿವೆ. ವಿವಾದವಿರುವುದು ಬೇರೆಡೆಯಲ್ಲಿ. ಒಂದು ಸಂಸ್ಥೆಯು ಈ ಶಾಸನವನ್ನು ನಡೆಸಿತೆಂದು ಹೇಳಬೇಕಾದರೆ ಅದು ಏನೇನನ್ನು ಮಾಡಿರಬೇಕು? ಸಮಭಾವವು ಅಧಿಕಾರಿಯ ಮನಸ್ಸಿನಲ್ಲಿದ್ದರೆ ಸಾಲುವುದೆ? ಶೇಕಡಾ ಇಷ್ಟೆಂದು ಗೊತ್ತುಮಾಡಿದ ಸ್ಥಾನಗಳನ್ನು ತುಂಬಿಬಿಟ್ಟರೆ ಸಾಲುವುದೆ? ಈ ಪ್ರಶ್ನೆಗಳಿಗೆ ನ್ಯಾಯಾಲಯಗಳು ತಮ್ಮ ರೀತಿಯಲ್ಲಿ ಉತ್ತರ ಹೇಳುತ್ತ ಬಂದಿವೆ. ಆ ಉತ್ತರಗಳನ್ನು ವಾಕ್ಯಾರ್ಥವಿಚಾರವನ್ನೇ ವೃತ್ತಿಯಾಗಿ ಉಳ್ಳ ಮೀಮಾಂಸಕರ ಮತ್ತು ವೈಯಾಕರಣರ ಪರಿಭಾಷೆಯಿಂದ ನೋಡಿದರೆ ಕೆಲವು ಗಂಟುಗಳು ಬಿಡುವಂತೆ ತೋರುವುದರಿಂದ, ಸಾಹಿತ್ಯವನ್ನು ಓದಿಸುವ ವಾಚಕರ ಮುಂದೆ ಈ ವಿಷಯವನ್ನು ಇಡಲು ಯತ್ನಿಸಿದ್ದೇನೆ.

ಇಲ್ಲಿ ಒಂದು ಶಂಕೆ ಸಹಜವಾಗಿಯೇ ಏಳುತ್ತದೆ. ಪೂರ್ವಮೀಮಾಂಸೆಯ ಆರನೆಯ ಅಧ್ಯಾಯದ ಮೊದಲನೆಯ ಪಾದದಲ್ಲಿ ಯಜ್ಞಾಧಿಕಾರವು ಯಾರಿಗೆ ಉಂಟು, ಯಾರಿಗೆ ಇಲ್ಲ ಎಂಬ ವಿಚಾರ ನಡೆದು, ಶೂದ್ರನಿಗೆ ಅದು ಇಲ್ಲವೆಂದೇ ಸಿದ್ಧಾಂತವಾಗಿದೆ. ಎಲ್ಲರಿಗೂ ಅಧಿಕಾರವುಂಟೆಂದು ಬಾದರಿಯು ಹೇಳಿದುದು ಅಲ್ಲಿ ನಿರಾಕರಿಸಲ್ಪಟ್ಟ ಮತವಾಗಿ ಮಾತ್ರ ಉಳಿದಿದೆ. ಇಂಥ ಶಾಸ್ತ್ರವನ್ನು ಸಮತೆಯ ವಿಚಾರಕ್ಕೆ ಕರೆತರುವುದು ಸರಿಯೆ? ಶಂಕೆಯು ನ್ಯಾಯವಾದದ್ದೇ ಸರಿ. ನಾನು ಎರವಾಗಿ ಪಡೆಯುವುದು ವಾಕ್ಯವನ್ನು ಬಿಡಿಸುವ ಉಪಕರಣವನ್ನು; ಅಧಿಕಾರದ ವಿಷಯದಲ್ಲಿ ಆ ಶಾಸ್ತ್ರ ಮಾಡಿದ ನಿರ್ಣಯವನ್ನಲ್ಲ. ಆ ನಿರ್ಣಯವನ್ನು ಹೊಸ ಶಾಸನವು ಹೇಗೆ ತಿರುಗಿಸಿತೆಂಬುದು ಮುಂದೆ ತಾನಾಗಿಯೇ ಕಾಣುವುದು.

‘ಮಾಡತಕ್ಕದ್ದು’ ಎಂಬ ವಿಧಿವಾಕ್ಯವನ್ನು ಕೇಳಿದೊಡನೆ ಮೂರು ಆಕಾಂಕ್ಷೆಗಳು ಹುಟ್ಟುತ್ತವೆಂದು ಮೀಮಾಂಸಕರು ಹೇಳುತ್ತಾರೆ. ಏನನ್ನು ಸಾಧಿಸಬೇಕು? ಏತರಿಂದ ಸಾಧಿಸಬೇಕು? ಹೇಗೆ ಸಾಧಿಸಬೇಕು? ಇವಕ್ಕೆ ಕ್ರಮವಾಗಿ ಸಾಧ್ಯ, ಸಾಧನ, ಇತಿಕರ್ತವ್ಯತೆ ಎಂದು ಹೆಸರು. ದರ್ಶಪೂರ್ಣಮಾಸದಲ್ಲಿ ಸ್ವರ್ಗವು ಸಾಧ್ಯ, ಯಾಗವು ಸಾಧನ, ಪ್ರಯಾಜಾದಿ ಅಂಗಗಳು ಇತಿಕರ್ತವ್ಯತೆ. ಅಂಗಗಳನ್ನು ಬಿಟ್ಟು ಪ್ರಧಾನವನ್ನಷ್ಟೇ ಮಾಡಿದವನಿಗೆ ಫಲವಿಲ್ಲ. ಪ್ರಕೃತದಲ್ಲಿ ಅವಕಾಶದ ಸಮತೆಯು ಸಾಧ್ಯ. ಮೀಸಲಾತಿ, ವಿದ್ಯಾರ್ಥಿವೇತನ, ಅಂಗವೈಕಲ್ಯವುಳ್ಳವರಿಗೆ ಒದಗಿಸುವ ಸೌಕರ್ಯ ಮೊದಲಾದುವು ಸಾಧನ. ಯಾವ ಘಟಕದಲ್ಲಿ ಎಣಿಸುವುದು, ಯಾವಾಗ ಎಣಿಸುವುದು, ಕಾರಣವನ್ನು ಯಾರು ಬರೆದಿಡುವುದು, ನಡೆಯದಿದ್ದರೆ ಕೇಳುವವರು ಯಾರು ಎಂಬಿವು ಇತಿಕರ್ತವ್ಯತೆ. ಸಭೆಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಸಾಧ್ಯಸಾಧನಗಳನ್ನು ಕುರಿತ ವಾದವೇ ಹೆಚ್ಚು. ಆದರೆ ಸಂಸ್ಥೆಯೊಂದು ತನ್ನ ಕರ್ತವ್ಯವನ್ನು ನಡೆಸಿತೋ ತಪ್ಪಿಸಿತೋ ಎಂಬುದು ಗೊತ್ತಾಗುವುದು ಮೂರನೆಯದರಲ್ಲಿ. ಒಂದೇ ವಿಧಿಯು ಇತಿಕರ್ತವ್ಯತೆಯ ಭೇದದಿಂದ ಒಂದೆಡೆ ಸಫಲವಾಗಿ ಇನ್ನೊಂದೆಡೆ ಬರಿಯ ಮಾತಾಗುವುದುಂಟು. ಇದಕ್ಕೆ ನಮ್ಮ ನಾಡಿನ ಚರಿತ್ರೆಯಲ್ಲಿಯೇ ನಿದರ್ಶನಗಳಿವೆ.

ಮೈಸೂರು ಸಂಸ್ಥಾನದಲ್ಲಿ ೧೯೧೮ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರು ಚೀಫ್ ಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿದ್ದ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿದರು. ಸರಕಾರಿ ನೌಕರಿಗಳಲ್ಲಿ ಬ್ರಾಹ್ಮಣರ ಸಂಖ್ಯೆಯು ವಿಶೇಷವಾಗಿದ್ದು ಉಳಿದ ಸಮುದಾಯಗಳವರು ವಿರಳವಾಗಿದ್ದುದೇ ಇದರ ಕಾರಣ. ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರಿಗೆ ಈ ಮಾರ್ಗವು ಒಪ್ಪಿಗೆಯಾಗಿರಲಿಲ್ಲವೆಂಬುದೂ, ಅವರು ಆ ವರ್ಷದ ಕೊನೆಯಲ್ಲಿ ಅಧಿಕಾರವನ್ನು ಬಿಟ್ಟರೆಂಬುದೂ ಪ್ರಸಿದ್ಧವಾಗಿವೆ. ೧೯೧೯ರಲ್ಲಿ ಬಂದ ವರದಿಯಲ್ಲಿ ನನ್ನ ಮನಸ್ಸನ್ನು ಸೆಳೆದುದು ಅದರ ಉದಾರಾಶಯಕ್ಕಿಂತ ಅದರ ಕರಾರುವಾಕ್ಕಾದ ಕಟ್ಟಳೆ. ಏಳು ವರ್ಷಗಳೊಳಗಾಗಿ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಮೆಯಿಲ್ಲದಂತೆಯೂ ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲಿಗೆ ಕಡಮೆಯಿಲ್ಲದಂತೆಯೂ ಬ್ರಾಹ್ಮಣೇತರ ಸಮುದಾಯದವರು ಇರಬೇಕು. ಅದೂ ಪ್ರತಿಯೊಂದು ದರ್ಜೆಯಲ್ಲಿ, ಪ್ರತಿಯೊಂದು ಕಚೇರಿಯಲ್ಲಿ. ಅವರೊಳಗೆ ತಕ್ಕ ಯೋಗ್ಯತೆಯುಳ್ಳ ದಲಿತವರ್ಗದವರು ದೊರೆತಾಗ ಅವರಿಗೆ ಮೊದಲು. ಕಾಲ, ಪ್ರಮಾಣ, ಘಟಕ, ಕ್ರಮ ಎಂಬ ನಾಲ್ಕು ಅಂಗಗಳೂ ಇಲ್ಲಿವೆ. ೧೯೨೧ರಲ್ಲಿ ಸರಕಾರವು ಇದನ್ನು ಬಹುಮಟ್ಟಿಗೆ ಅಂಗೀಕರಿಸಿತು. ಕಚೇರಿಯೊಂದಕ್ಕೆ ಏಳು ವರ್ಷಗಳ ತರುವಾಯ ಹೋಗಿ ಎಣಿಸಿ ನೋಡಬಹುದಾದ ವಿಧಿಯಿದು. ‘ಎಲ್ಲರಿಗೂ ಯಥೋಚಿತವಾದ ಸ್ಥಾನ ದೊರೆಯಲಿ’ ಎಂದಿದ್ದರೆ ಯಾರು ಏನನ್ನು ಎಣಿಸುತ್ತಿದ್ದರು?

ಸಂವಿಧಾನವು ಬಂದ ಮೇಲೆ ವಾಕ್ಯಗಳ ಸ್ವರೂಪವೇ ಚರ್ಚೆಗೆ ಬಂದಿತು. ೧೬ನೆಯ ಅನುಚ್ಛೇದದ ಮೊದಲನೆಯ ಖಂಡವು ಸರಕಾರದ ಉದ್ಯೋಗಗಳಲ್ಲಿ ಸಮಾನಾವಕಾಶವನ್ನು ಹೇಳುತ್ತದೆ. ಎರಡನೆಯದು ಜಾತಿ, ಮತ, ಲಿಂಗ, ಜನ್ಮಸ್ಥಳ ಮೊದಲಾದುವುಗಳ ಕಾರಣದಿಂದಲೇ ಭೇದಮಾಡಕೂಡದೆಂದು ನಿಷೇಧಿಸುತ್ತದೆ. ನಾಲ್ಕನೆಯದು, ಹಿಂದುಳಿದ ವರ್ಗದವರಿಗೆ ಸಾಕಷ್ಟು ಪ್ರಾತಿನಿಧ್ಯವಿಲ್ಲವೆಂದು ಕಂಡಾಗ ಸರಕಾರವು ಹುದ್ದೆಗಳನ್ನು ಮೀಸಲಿಡುವುದಕ್ಕೆ ಅಡ್ಡಿಯಿಲ್ಲ ಎನ್ನುತ್ತದೆ. ‘ಅಡ್ಡಿಯಿಲ್ಲ’ ಎಂಬುದು ವಿಧಿಯಲ್ಲ, ಅನುಜ್ಞೆ. ಸುಪ್ರೀಂ ಕೋರ್ಟು ಇದನ್ನು ಪದೇ ಪದೇ ಸ್ಪಷ್ಟಪಡಿಸಿದೆ. ಇನ್ನು, ಮೊದಲನೆಯ ಖಂಡಕ್ಕೂ ನಾಲ್ಕನೆಯದಕ್ಕೂ ಇರುವ ಸಂಬಂಧವೇನು?

ಇದು ವೈಯಾಕರಣನಿಗೆ ಚಿರಪರಿಚಿತವಾದ ಪ್ರಶ್ನೆ. ಕರ್ಮಪದವು ಉಪಪದವಾಗಿರುವಾಗ ಧಾತುವಿಗೆ ಅಣ್ ಪ್ರತ್ಯಯ ಬರುವುದು ಉತ್ಸರ್ಗ. ‘ಕುಂಭಕಾರ’ ಎಂಬ ರೂಪ ಹೀಗೆ ಸಿದ್ಧಿಸುತ್ತದೆ. ಆಕಾರಾಂತ ಧಾತುವಿಗೆ ಉಪಸರ್ಗವಿಲ್ಲದಿದ್ದರೆ ಕ ಪ್ರತ್ಯಯ ಬರುವುದು ಅಪವಾದ. ‘ಗೋದ’ ಎಂಬುದು ಹೀಗಾಯಿತು. ಅಪವಾದವು ತನ್ನ ಕ್ಷೇತ್ರದಲ್ಲಿ ಬಲಿಷ್ಠವೇ ಆದರೂ ಉತ್ಸರ್ಗಕ್ಕೆ ನಿಲ್ಲಲು ಎಡೆಯಿರಬೇಕು. ಎಡೆಯೇ ಇಲ್ಲವಾದರೆ ಉತ್ಸರ್ಗವನ್ನು ಹೇಳಿದುದೇ ವ್ಯರ್ಥವಾಗುತ್ತದೆ. ಇದೇ ನ್ಯಾಯವು ೧೯೬೨ರಲ್ಲಿ ಮೈಸೂರು ರಾಜ್ಯದ ಆಜ್ಞೆಯೊಂದಕ್ಕೆ ಅನ್ವಯಿಸಿತು. ಆ ವರ್ಷದ ಜುಲೈ ೩೧ರ ಆಜ್ಞೆಯಂತೆ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಹಿಂದುಳಿದವರಿಗೆ ೨೮, ಅತ್ಯಂತ ಹಿಂದುಳಿದವರಿಗೆ ೨೨, ಪರಿಶಿಷ್ಟ ಜಾತಿಗಳಿಗೆ ೧೫, ಪರಿಶಿಷ್ಟ ಪಂಗಡಗಳಿಗೆ ೩, ಒಟ್ಟು ಶೇಕಡಾ ೬೮ ಸ್ಥಾನಗಳು ಮೀಸಲಾಗಿದ್ದುವು. ವಿದ್ಯಾಭ್ಯಾಸದ ವಿಷಯದಲ್ಲಿ ೧೯೫೧ರ ತಿದ್ದುಪಡಿಯಿಂದ ಬಂದ ೧೫ನೆಯ ಅನುಚ್ಛೇದದ ನಾಲ್ಕನೆಯ ಖಂಡವು ಇದಕ್ಕೆ ಆಧಾರವಾಗಿತ್ತು. ಸುಪ್ರೀಂ ಕೋರ್ಟು ಸೆಪ್ಟೆಂಬರಿನಲ್ಲಿ ಆಜ್ಞೆಯನ್ನು ರದ್ದುಮಾಡಿತು. ವಿಶೇಷವಿಧಾನವು ಸಾಮಾನ್ಯವಿಧಾನಕ್ಕೆ ಅಪವಾದ. ಅಪವಾದವು ಉತ್ಸರ್ಗವನ್ನು ನುಂಗಬಾರದು. ಆದುದರಿಂದ ಸ್ಥೂಲವಾಗಿ ಅದು ಅರ್ಧಕ್ಕಿಂತ ಕಡಮೆಯಿರಬೇಕು ಎಂಬುದು ಅಲ್ಲಿಯ ಯುಕ್ತಿ.

ಆದರೆ ಅದು ಅಪವಾದವೇ ಹೌದೆ? ಮರುವರ್ಷವೇ ಬೇರೊಂದು ಪ್ರಕರಣದಲ್ಲಿ ನ್ಯಾಯಮೂರ್ತಿ ಸುಬ್ಬರಾವ್ ಅವರು ಒಬ್ಬರೇ ಭಿನ್ನಮತವನ್ನು ಬರೆದು, ನಾಲ್ಕನೆಯ ಖಂಡವು ಮೊದಲನೆಯದಕ್ಕೆ ಅಪವಾದವಲ್ಲವೆಂದರು. ೧೯೭೫ರಲ್ಲಿ ಕೇರಳದ ಪ್ರಕರಣದಲ್ಲಿ ಬಹುಮತವು ಆ ಕಡೆಗೆ ತಿರುಗಿತು. ೧೯೯೨ರಲ್ಲಿ ಒಂಬತ್ತು ಮಂದಿ ನ್ಯಾಯಾಧೀಶರ ಪೀಠವು ಅದನ್ನೇ ಸ್ಥಿರಪಡಿಸಿತು. ಅಸಮರಾಗಿರುವವರನ್ನು ಒಂದೇ ಸಾಲಿನಲ್ಲಿ ನಿಲ್ಲಿಸುವುದು ಸಮತೆಯಲ್ಲವಾದ್ದರಿಂದ ನಾಲ್ಕನೆಯ ಖಂಡವು ಮೊದಲನೆಯದರ ವಿವರಣೆಯೇ ಹೊರತು ಅದರ ವಿರೋಧಿಯಲ್ಲ ಎಂದಾಯಿತು. ಈ ಮತವೇ ಶಬ್ದಸ್ವಾರಸ್ಯಕ್ಕೆ ಹೊಂದುತ್ತದೆಂದು ನನ್ನ ಅಭಿಪ್ರಾಯ. ಹಾಗಾದರೆ ಅರ್ಧದ ಮಿತಿ ಏಕೆ ಉಳಿಯಿತು ಎಂಬ ಪೂರ್ವಪಕ್ಷಕ್ಕೆ, ಎರಡು ಪಕ್ಷಗಳ ಹಕ್ಕನ್ನು ತೂಗಿನೋಡಬೇಕೆಂಬುದೇ ನ್ಯಾಯಾಲಯದ ಸಮಾಧಾನ. ಅಪವಾದವೆಂಬ ಬುಡವನ್ನು ಕಿತ್ತ ಮೇಲೆಯೂ ಕೊಂಬೆಯನ್ನು ನಿಲ್ಲಿಸಿಕೊಂಡಂತೆ ಇದು ತೋರಿದರೆ ವಾಚಕರನ್ನು ಆಕ್ಷೇಪಿಸಲಾರೆ. ೨೦೨೨ರಲ್ಲಿ ಆರ್ಥಿಕವಾಗಿ ದುರ್ಬಲರಾದವರ ಮೀಸಲಾತಿಯನ್ನು ಎತ್ತಿಹಿಡಿದಾಗ ಬಹುಮತದವರು ಈ ಮಿತಿಯು ಸರ್ವಥಾ ಬಗ್ಗದಂಥದ್ದಲ್ಲವೆಂದೂ ಹೇಳಿದರು.

ಈ ವಾದವೆಲ್ಲ ಸಾಧನದ ಪ್ರಮಾಣವನ್ನು ಕುರಿತದ್ದು. ಇತಿಕರ್ತವ್ಯತೆಯ ಬಲವನ್ನು ತೋರಿಸುವುದಕ್ಕೆ ಕರ್ನಾಟಕದ ಮುಂಬಡ್ತಿಯ ಪ್ರಕರಣಕ್ಕಿಂತ ಉತ್ತಮವಾದ ದೃಷ್ಟಾಂತ ಸಿಗಲಾರದು. ಮೀಸಲಾತಿಯಿಂದ ಮುಂಬಡ್ತಿ ಪಡೆದ ಪರಿಶಿಷ್ಟ ವರ್ಗದ ನೌಕರರಿಗೆ ಮೇಲಿನ ಹುದ್ದೆಯಲ್ಲಿ ತತ್ಪರಿಣಾಮವಾದ ಜ್ಯೇಷ್ಠತೆಯೂ ಸಲ್ಲಬೇಕೆಂದು ರಾಜ್ಯವು ೨೦೦೨ರಲ್ಲಿ ಅಧಿನಿಯಮ ಮಾಡಿತು. ೨೦೧೭ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಆ ಭಾಗವನ್ನು ತಳ್ಳಿಹಾಕಿತು. ಕಾರಣ, ಪ್ರಾತಿನಿಧ್ಯವು ಎಷ್ಟು ಕಡಮೆಯಿದೆ, ಆಡಳಿತದಕ್ಷತೆಗೆ ಏನಾಗುತ್ತದೆ ಎಂಬುದನ್ನು ಮೊದಲು ಪರಿಶೀಲಿಸದೆ ರಾಜ್ಯವು ಶಾಸನಮಾಡಿತ್ತು. ಕೂಡಲೆ ಸರಕಾರವು ಹಿರಿಯ ಅಧಿಕಾರಿಣಿ ರತ್ನಪ್ರಭಾ ಅವರ ಸಮಿತಿಯನ್ನು ನೇಮಿಸಿ, ಇಲಾಖೆಗಳ ಅಂಕಿಅಂಶಗಳನ್ನು ತರಿಸಿ, ೨೦೧೮ರಲ್ಲಿ ಹೊಸ ಅಧಿನಿಯಮವನ್ನು ಜಾರಿಗೆ ತಂದಿತು. ೨೦೧೯ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಸಾಧ್ಯವು ಅದೇ, ಸಾಧನವು ಅದೇ. ಮೊದಲನೆಯದಕ್ಕೆ ಅಂಗವಿರಲಿಲ್ಲ, ಎರಡನೆಯದಕ್ಕೆ ಇತ್ತು. ನಡುವಣ ಅಂತರವು ಎಣಿಕೆಯ ಪತ್ರಗಳಷ್ಟೆ. ಆ ಪತ್ರಗಳಿಲ್ಲದ ಕಾರಣ ಸಾವಿರಾರು ನೌಕರರ ಜ್ಯೇಷ್ಠತೆಯು ಎರಡು ವರ್ಷಕಾಲ ತೂಗುಯ್ಯಾಲೆಯಲ್ಲಿದ್ದಿತು. ದಕ್ಷತೆಯೆಂದರೆ ಪರೀಕ್ಷೆಯ ಅಂಕಗಳಷ್ಟೇ ಅಲ್ಲ, ಸಮಾಜದ ನಾನಾ ವರ್ಗಗಳು ಆಡಳಿತದಲ್ಲಿ ಸೇರಿರುವುದೂ ದಕ್ಷತೆಯ ಲಕ್ಷಣವೇ ಎಂದು ೨೦೧೯ರ ತೀರ್ಪು ಹೇಳಿದುದೂ ಸ್ಮರಣೀಯವಾಗಿದೆ.

ಎಣಿಕೆಯೆಂದೆನಷ್ಟೆ. ಅದು ಸರಳವೆಂದು ತಿಳಿಯಕೂಡದು. ನಮ್ಮಂಥ ಬೋಧಕರಿಗೆ ನೇರವಾಗಿ ಸಂಬಂಧಿಸಿದ ಪ್ರಕರಣವೊಂದನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡೋಣ. ಮೀಸಲು ಹುದ್ದೆಗಳು ಯಾವುವೆಂದು ತಿಳಿಯಲು ಕಚೇರಿಗಳಲ್ಲಿ ರೋಸ್ಟರ್ ಎಂಬ ಸರದಿಯ ಪಟ್ಟಿಯನ್ನು ಇಡುತ್ತಾರೆ. ಕೇಂದ್ರದ ೧೯೯೭ರ ಆಜ್ಞೆಯನ್ನು ಅನುಸರಿಸಿದ ಪಟ್ಟಿಯಲ್ಲಿ ಇತರ ಹಿಂದುಳಿದ ವರ್ಗಗಳಿಗೆ ಮೊದಲು ಬರುವುದು ೪ನೆಯ ಸ್ಥಾನ, ಪರಿಶಿಷ್ಟ ಜಾತಿಗಳಿಗೆ ೭ನೆಯದು, ಪರಿಶಿಷ್ಟ ಪಂಗಡಗಳಿಗೆ ೧೪ನೆಯದು. ಏಕೆ? ಶೇಕಡಾ ೧೫ರಂತೆ ಆರು ಹುದ್ದೆಗಳಿಗೆ ಬರುವ ಪಾಲು ೦.೯೦, ಒಂದಕ್ಕೆ ಕಡಮೆ, ಏಳಾದಾಗ ೧.೦೫, ಒಂದು ಪೂರ್ಣವಾಯಿತು. ಶೇಕಡಾ ೨೭ಕ್ಕೆ ನಾಲ್ಕರಲ್ಲಿ ೧.೦೮, ಶೇಕಡಾ ೭.೫ಕ್ಕೆ ಹದಿನಾಲ್ಕರಲ್ಲಿ ೧.೦೫. ಲೆಕ್ಕದಲ್ಲಿ ಲೋಪವಿಲ್ಲ. ಆದರೆ ಈ ಲೆಕ್ಕವನ್ನು ಇಡೀ ವಿಶ್ವವಿದ್ಯಾನಿಲಯಕ್ಕೆ ಹಾಕುವುದೋ, ಒಂದೊಂದು ವಿಭಾಗಕ್ಕೆ ಹಾಕುವುದೋ?

ವಿಭಾಗವೇ ಘಟಕವೆಂದುಕೊಳ್ಳೋಣ. ಸಂಸ್ಕೃತವನ್ನೋ ಕನ್ನಡವನ್ನೋ ಬೋಧಿಸುವ ಸಣ್ಣ ವಿಭಾಗವೊಂದರಲ್ಲಿ ಒಂದು ದರ್ಜೆಯ ಹುದ್ದೆಗಳು ಮೂರು. ಮೊದಲ ಮೂರು ನೇಮಕಗಳಲ್ಲಿ ಯಾವುದೂ ಮೀಸಲಾಗುವುದಿಲ್ಲ. ನೇಮಕವಾದವರು ಒಟ್ಟಿಗೆ ಬಂದು ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದರೆ, ಆಗ ೪, ೫, ೬ನೆಯ ಸರದಿಗಳು ಬರುತ್ತವೆ. ಪರಿಶಿಷ್ಟ ಜಾತಿಯ ೭ನೆಯ ಸರದಿಯು ಬರಬೇಕಾದರೆ ಅವರೂ ನಿವೃತ್ತರಾಗಬೇಕು. ಎಂದರೆ ಅರುವತ್ತು ವರ್ಷ. ಪರಿಶಿಷ್ಟ ಪಂಗಡದ ಸರದಿಯ ಕಾಲವನ್ನು ವಾಚಕರೇ ಗುಣಿಸಿಕೊಳ್ಳಬಹುದು. ಹುದ್ದೆಯು ಒಂದೇ ಆದರಂತೂ ಅದನ್ನು ಸರದಿಯಿಂದಲೂ ಮೀಸಲಿಡಲಾಗದೆಂದು ೧೯೯೮ರಲ್ಲಿಯೇ ತೀರ್ಮಾನವಾಗಿದೆ. ವಿಶ್ವವಿದ್ಯಾನಿಲಯವೇ ಘಟಕವಾದರೆ ಅದೇ ದರ್ಜೆಯ ನೂರು ಹುದ್ದೆಗಳಲ್ಲಿ ಪರಿಶಿಷ್ಟ ಜಾತಿಗಳಿಗೆ ಹದಿನೈದು, ಹಿಂದುಳಿದವರಿಗೆ ಇಪ್ಪತ್ತೇಳು ಕೂಡಲೆ ದೊರೆಯುತ್ತವೆ. ಶೇಕಡಾ ಪ್ರಮಾಣವನ್ನು ಒಂದಿಷ್ಟೂ ಬದಲಿಸದೆ, ‘ಘಟಕ’ವೆಂಬ ಒಂದು ಪದದ ಅರ್ಥದಿಂದಲೇ ಫಲವು ಅರುವತ್ತು ವರ್ಷ ಮುಂದಕ್ಕೆ ಹೋಗಬಲ್ಲುದು.

೨೦೧೭ರಲ್ಲಿ ಅಲಹಾಬಾದ್ ಹೈಕೋರ್ಟು ವಿಭಾಗವೇ ಘಟಕವೆಂದು ತೀರ್ಪಿತ್ತಿತು. ಅದರ ಯುಕ್ತಿಯನ್ನು ಹಗುರವಾಗಿ ತಳ್ಳಬಾರದು. ಇಡೀ ಸಂಸ್ಥೆಯನ್ನು ಒಟ್ಟಾಗಿ ಎಣಿಸಿದರೆ ಒಂದು ವಿಭಾಗದಲ್ಲಿ ಎಲ್ಲವೂ ಮೀಸಲಾಗಿ ಇನ್ನೊಂದರಲ್ಲಿ ಯಾವುದೂ ಇಲ್ಲದೆ ಹೋಗಬಹುದು. ಸಂಸ್ಕೃತದ ಅಧ್ಯಾಪಕನು ರಸಾಯನಶಾಸ್ತ್ರದ ಹುದ್ದೆಗೆ ಸ್ಪರ್ಧಿಸುವವನಲ್ಲವಷ್ಟೆ. ೨೦೧೮ರ ಮಾರ್ಚಿಯಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಅದರಂತೆ ಆಜ್ಞೆ ಹೊರಡಿಸಿತು. ಜಾಹೀರಾತುಗಳಲ್ಲಿ ಮೀಸಲು ಹುದ್ದೆಗಳು ಕುಗ್ಗಿದುವು. ದೇಶದಾದ್ಯಂತ ಅಧ್ಯಾಪಕರು ಪ್ರತಿಭಟಿಸಿದರು. ೨೦೧೯ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇಂದ್ರಸರಕಾರದ ಮನವಿಯನ್ನು ಒಪ್ಪಲಿಲ್ಲ. ಮಾರ್ಚಿಯಲ್ಲಿ ಸುಗ್ರೀವಾಜ್ಞೆಯೂ ಅದೇ ವರ್ಷ ಪಾರ್ಲಿಮೆಂಟಿನ ಅಧಿನಿಯಮವೂ ಬಂದು, ಕೇಂದ್ರದ ವಿದ್ಯಾಸಂಸ್ಥೆಗಳಲ್ಲಿ ಸಂಸ್ಥೆಯೇ ಘಟಕವೆಂದು ಸ್ಥಿರವಾಯಿತು. ಹೈಕೋರ್ಟಿನ ಯುಕ್ತಿಯಲ್ಲಿ ಒಂದು ಗುಣವಿತ್ತಾದರೂ, ಸಾಧ್ಯವನ್ನು ಕೊಲ್ಲುವ ಅಂಗವು ಅಂಗವೆನಿಸಲಾರದು. ಪ್ರಧಾನಕ್ಕೆ ಉಪಕಾರ ಮಾಡುವುದರಿಂದಲೇ ಅಲ್ಲವೆ ಅಂಗಕ್ಕೆ ಅಂಗತ್ವ?

ಸಂಖ್ಯೆಯಿಂದ ಅಳೆಯಲಾಗದ ಸಮತೆಯೂ ಉಂಟು. ಅಂಗವೈಕಲ್ಯವುಳ್ಳವರ ಹಕ್ಕುಗಳ ೨೦೧೬ರ ಅಧಿನಿಯಮವು ಇದರ ಮುಖ್ಯ ಸ್ಥಳ. ಇಲ್ಲಿ ವಾಕ್ಯವು ಅನುಜ್ಞೆಯಾಗಿಲ್ಲ, ನೇರವಾದ ವಿಧಿಯಾಗಿದೆ. ಸರಕಾರಿ ಸಂಸ್ಥೆಗಳಲ್ಲಿ ಶೇಕಡಾ ೪ಕ್ಕೆ ಕಡಮೆಯಿಲ್ಲದಂತೆ ಹುದ್ದೆಗಳನ್ನು ಮೀಸಲಿಡತಕ್ಕದ್ದು. ಪ್ರತಿಯೊಂದು ಸಂಸ್ಥೆಯೂ ತನ್ನ ಸಮಾನಾವಕಾಶದ ನೀತಿಯನ್ನು ಬರೆದು ಪ್ರಕಟಿಸತಕ್ಕದ್ದು. ಸರಕಾರಿ ಸಂಸ್ಥೆಯು ಅಹವಾಲನ್ನು ಕೇಳುವ ಅಧಿಕಾರಿಯನ್ನು ನೇಮಿಸತಕ್ಕದ್ದು. ವ್ಯಕ್ತಿಗೆ ತಕ್ಕ ಸಮಂಜಸವಾದ ಸೌಕರ್ಯವನ್ನು ನಿರಾಕರಿಸುವುದೂ ಭೇದವೆಂದೇ ಎಣಿಸತಕ್ಕದ್ದು. ಮೇಲೆ ಹೇಳಿದ ಅಧಿಕಾರವಿಚಾರವು ಇಲ್ಲಿ ನೆನಪಾಗುತ್ತದೆ. ಕುರುಡನು ಆಜ್ಯಾವೇಕ್ಷಣವನ್ನು, ಎಂದರೆ ತುಪ್ಪವನ್ನು ನೋಡುವ ಅಂಗಕರ್ಮವನ್ನು, ಮಾಡಲಾರ. ಕುಂಟನು ವಿಷ್ಣುಕ್ರಮಗಳನ್ನು ಇಡಲಾರ. ಆದುದರಿಂದ ಕಾಮ್ಯಕರ್ಮದಲ್ಲಿ ಅವರಿಗೆ ಅಧಿಕಾರವಿಲ್ಲ ಎಂದು ಮೀಮಾಂಸಕರು ತೀರ್ಮಾನಿಸಿದರು. ಅಂಗವು ಸ್ಥಿರ, ಪುರುಷನು ಹೊರಕ್ಕೆ. ಹೊಸ ಶಾಸನವು ಪುರುಷನನ್ನು ಸ್ಥಿರವಾಗಿಟ್ಟು ಅಂಗವನ್ನು ಮಾರ್ಪಡಿಸೆನ್ನುತ್ತದೆ. ನಿತ್ಯಕರ್ಮದಲ್ಲಿ ಕೆಲವು ಅಂಗಗಳು ಕೈಗೂಡದಿದ್ದರೂ ಯಥಾಶಕ್ತಿಯಾಗಿ ಮಾಡಬಹುದೆಂದು ಅದೇ ಮೀಮಾಂಸಕರು ಒಪ್ಪಿದ್ದರಾಗಿ, ಈ ದಾರಿಯು ಅವರಿಗೆ ಕಾಣದ್ದೇನೂ ಆಗಿರಲಿಲ್ಲ. ಎಲ್ಲೆಡೆಗೂ ಅದನ್ನು ನಡೆಸಿಕೊಂಡು ಹೋಗಲಿಲ್ಲ ಅಷ್ಟೆ.

ಈ ಅಧಿನಿಯಮದ ಮೇಲೆ ಬಂದ ಎರಡು ತೀರ್ಪುಗಳನ್ನು ಮಾತ್ರ ಹೇಳುತ್ತೇನೆ. ಬರೆಯುವಾಗ ಕೈ ಸೆಟೆದುಕೊಳ್ಳುವ ವ್ಯಾಧಿಯಿದ್ದ ಅಭ್ಯರ್ಥಿಯೊಬ್ಬರಿಗೆ, ಶೇಕಡಾ ೪೦ರ ವೈಕಲ್ಯವಿಲ್ಲವೆಂಬ ಕಾರಣದಿಂದ, ಲಿಪಿಕಾರನ ಸಹಾಯವನ್ನು ನಿರಾಕರಿಸಲಾಗಿತ್ತು. ೪೦ರ ಅಳತೆಯು ಮೀಸಲಾತಿಗೆ ಹೇಳಿದುದು, ಸೌಕರ್ಯಕ್ಕೆ ಅದನ್ನು ಎಳೆದು ತರಕೂಡದು ಎಂದು ೨೦೨೧ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ೨೦೨೪ರಲ್ಲಿ ಅದೇ ನ್ಯಾಯಾಲಯವು ೨೦೧೭ರ ನಿಯಮಗಳಲ್ಲಿ ಒಂದನ್ನು ತಳ್ಳಿಹಾಕಿತು. ಕಟ್ಟಡ, ವಾಹನ, ಮಾಹಿತಿಗಳು ಎಲ್ಲರಿಗೂ ನಿಲುಕುವಂತಿರತಕ್ಕದ್ದೆಂದು ಅಧಿನಿಯಮವು ವಿಧಿಸಿದ್ದರೆ, ನಿಯಮವು ಅದನ್ನು ಬರಿಯ ಮಾರ್ಗದರ್ಶನಗಳ ಮಟ್ಟಕ್ಕೆ ಇಳಿಸಿತ್ತು. ನಮ್ಮ ಮಾತಿನಲ್ಲಿ ಹೇಳುವುದಾದರೆ ವಿಧಿಯನ್ನು ಅರ್ಥವಾದವಾಗಿ ಓದಿದ್ದರು.

ಸಂಖ್ಯೆಯನ್ನು ಬಿಟ್ಟು ಯೋಚನೆಯನ್ನೇ ವಿಧಿಸುವ ಮಾರ್ಗವು ಇಂಗ್ಲೆಂಡಿನಲ್ಲಿ ಬೆಳೆದಿದೆ. ಅಲ್ಲಿಯ ೨೦೧೦ರ ಸಮತಾ ಅಧಿನಿಯಮದ ೧೪೯ನೆಯ ಪ್ರಕರಣದಂತೆ ಸಾರ್ವಜನಿಕ ಸಂಸ್ಥೆಯು ಯಾವ ಕಾರ್ಯವನ್ನು ಮಾಡುವಾಗಲೂ ಭೇದವನ್ನು ತೊಲಗಿಸುವುದು, ಅವಕಾಶದ ಸಮತೆಯನ್ನು ಹೆಚ್ಚಿಸುವುದು, ವರ್ಗವರ್ಗಗಳ ನಡುವೆ ಸೌಹಾರ್ದವನ್ನು ಬೆಳೆಸುವುದು ಎಂಬ ಮೂರಕ್ಕೆ ತಕ್ಕಷ್ಟು ಗಮನ ಕೊಡಬೇಕು. ಗಮನವೆಂದರೇನೆಂಬುದನ್ನು ಹಿಂದಿನ ಕಾನೂನನ್ನು ಕುರಿತ ೨೦೦೮ರ ತೀರ್ಪೊಂದು ಬಿಡಿಸಿ ಹೇಳಿತ್ತು: ಆ ಯೋಚನೆಯು ನಿರ್ಣಯಕ್ಕೆ ಮುಂಚೆ ನಡೆಯಬೇಕು, ತೋರಿಕೆಗಾಗಿರಕೂಡದು, ಇನ್ನೊಬ್ಬರ ತಲೆಗೆ ಕಟ್ಟಕೂಡದು, ಬರೆದಿಡುವುದು ಒಳ್ಳೆಯದು. ಸಾಧ್ಯವು ಕೈಗೂಡಲೇಬೇಕೆಂಬ ನಿರ್ಬಂಧ ಅಲ್ಲಿಲ್ಲ. ಕಡ್ಡಾಯವಾದುದು ಇತಿಕರ್ತವ್ಯತೆ ಮಾತ್ರ. ಇದರಿಂದ ಕಚೇರಿಯು ನಮೂನೆಯೊಂದನ್ನು ತುಂಬಿ ಕೈತೊಳೆದುಕೊಳ್ಳುವ ಅಪಾಯವುಂಟು. ನಮ್ಮಲ್ಲಿ ಸಂಖ್ಯೆ ತುಂಬಿದ ಮೇಲೆ ಯೋಚಿಸುವುದನ್ನೇ ಬಿಡುವ ಅಪಾಯವಿದ್ದಂತೆ.

ನಿರ್ಣಯಕ್ಕೆ ಮುಂಚೆ ಯೋಚಿಸುವುದು ನಮ್ಮ ಕ್ಷೇತ್ರದಲ್ಲಿ ಎಂಥದೆಂಬುದಕ್ಕೆ ಹಳಗನ್ನಡದ ಪ್ರಶ್ನಪತ್ರಿಕೆಯನ್ನೇ ತೆಗೆದುಕೊಳ್ಳಬಹುದು. ಕಣ್ಣಿಲ್ಲದ ವಿದ್ಯಾರ್ಥಿಗೆ ೨೦೧೮ರ ಕೇಂದ್ರದ ನಿರ್ದೇಶವು ಲಿಪಿಕಾರನನ್ನೂ ಗಂಟೆಗೆ ೨೦ ನಿಮಿಷಕ್ಕೆ ಕಡಮೆಯಿಲ್ಲದ ಹೆಚ್ಚಿನ ಕಾಲವನ್ನೂ ಕೊಟ್ಟಿತು. ತಾನೇ ಕರೆತಂದ ಲಿಪಿಕಾರನು ವಿದ್ಯಾರ್ಥಿಗಿಂತ ಒಂದು ತರಗತಿ ಕೆಳಗಿನ ಯೋಗ್ಯತೆಯವನಾಗಿರಬೇಕೆಂದೂ ಅದರಲ್ಲಿತ್ತು. ಮೋಸವನ್ನು ತಡೆಯಲು ಅದು ಅವಶ್ಯವೇ ಆಗಿದ್ದೀತು. ಆದರೆ ಹಳಗನ್ನಡವನ್ನು ಓದದ ಲಿಪಿಕಾರನಿಗೆ ವಿದ್ಯಾರ್ಥಿಯು ಸರಿಯಾಗಿ ಉಚ್ಚರಿಸಿ ಹೇಳಿದ ಶಕಟರೇಫವೂ ರಳವೂ ರಕಾರಳಕಾರಗಳಾಗಿಯೇ ಕೇಳಿಸುತ್ತವೆ. ಅವನು ಹಾಗೆಯೇ ಬರೆಯುತ್ತಾನೆ. ತಪ್ಪು ಲಿಪಿಕಾರನದು, ಕಳೆಯುವ ಅಂಕ ವಿದ್ಯಾರ್ಥಿಯದು. ಪ್ರಸ್ತಾರ ಹಾಕಿ ಗಣವಿಭಾಗ ಮಾಡೆಂಬ ಪ್ರಶ್ನೆಯಲ್ಲಿ ಗುರುಲಘುಗಳನ್ನು ಬಾಯಲ್ಲಿ ಹೇಳಿದರೆ ಸಾಕೋ, ಅಕ್ಷರದ ಮೇಲೆ ಚಿಹ್ನೆಯಿರಲೇಬೇಕೋ ಎಂಬುದನ್ನು ಪತ್ರಿಕೆಯ ತಲೆಬರಹದಲ್ಲಿ ಬರೆದಿರುವುದನ್ನು ನಾನು ಕಂಡಿಲ್ಲ. ಇದನ್ನು ಪರೀಕ್ಷಕರ ಮಂಡಲಿಯು ಪತ್ರಿಕೆಯನ್ನು ಅಚ್ಚಿಗೆ ಕೊಡುವ ಮುಂಚೆ ಒಂದು ಸಾಲಿನಲ್ಲಿ ತೀರ್ಮಾನಿಸಬಹುದು. ಪರೀಕ್ಷೆಯು ಮುಗಿದ ಮೇಲೆ ಯಾವ ನ್ಯಾಯಾಲಯವೂ ಅಷ್ಟು ಸುಲಭವಾಗಿ ತೀರ್ಮಾನಿಸಲಾರದು.